ಜಂತೆ ಎಣಿಸಲು ಬರುತ್ತಿದ್ದವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈ ಮನೆಯಲ್ಲಿ ಆ ಹೆಸರು ಬೇಕಾದಷ್ಟು ಸಲ ಕೇಳಿಸಿಯಾಗಿದೆ. ಬೆಳಿಗ್ಗೆ ಚಿತ್ರಾಳನ್ನು ಜಡೆ ಹಾಕಲು ಕೂರಿಸಿಕೊಂಡರೆ ಅಕ್ಕ ಹಾಗಂದ್ರು, ಸಂಜೆ ಊಟಕ್ಕೆ ಕೂತರೆ ಅಕ್ಕ ಹೀಗಂದ್ರು. ನಾನು ಮಾಡಿದ ಸಾರು ಉಣ್ಣುತ್ತಾ ಇನ್ನೊಬ್ಬರ ಗುಣಗಾನ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಕಣೇ ಎಂದು ನಮ್ಮ ಯಜಮಾನರು ಬುದ್ಧಿ ಹೇಳುತ್ತಾರೆ. ಬದುಕಿದ್ದಾಗ ಪಟ್ಟದ್ದನ್ನು ಸತ್ತರೆಂದು ನಿಲ್ಲಿಸುವುದಕ್ಕೆ ಅದೇನು ಸಂಬಳದ ಕೆಲಸವೇ? ನನಗೆ ಅವರ ಮೇಲೆ ಹೊಟ್ಟೆಕಿಚ್ಚಿತ್ತು, ಈಗಲೂ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಚಿತ್ರಾ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ, ದತ್ತು ತೆಗೆದುಕೊಂಡವಳೂ ಅಲ್ಲ. ಹುಳಿಯಾರಿನ ಆಚೆ, ಕುರಿಮಂದೆ ಹೊಡೆದುಕೊಂಡು ಊರೂರು ತಿರುಗುವವರ ಮನೆಯ ಹುಡುಗಿ. ತಾಯಿ ತೀರಿಕೊಂಡಳು, ತಂದೆ ಇನ್ನೊಂದು ಮದುವೆಯಾಗಿ ಎತ್ತಲೋ ಹೋದ. ಮಂದೆಯ ಹಿಂದೆ ನಡೆಯುವ ಮುದುಕಿ ಅಜ್ಜಿಯ ಕೈಯಲ್ಲಿ ಮಗು ಸಾಕಲು ಆಗಲಿಲ್ಲ. ಇಂಥ ಮಕ್ಕಳನ್ನು ಅನಾಥಾಲಯದಲ್ಲಿ ಇಡುವ ಬದಲು ಒಂದು ಸಂಸಾರದಲ್ಲಿಟ್ಟು ಸಾಕಿಸುವ ಏರ್ಪಾಡು ಸರ್ಕಾರದಲ್ಲಿದೆ. ಮಗು ನಿಮ್ಮದಲ್ಲ, ಸಾಕುವುದು ಮಾತ್ರ ನಿಮ್ಮದು ಎಂದು ಮೊದಲ ದಿನವೇ ಹೇಳಿಬಿಡುತ್ತಾರೆ. ಹದಿನೆಂಟು ತುಂಬುವವರೆಗೆ ಕಚೇರಿಯವರು ಮನೆಗೆ ಬಂದು ನೋಡಿಕೊಂಡು ಹೋಗುತ್ತಿರುತ್ತಾರೆ. ಮಗು ಅಲ್ಲೇ ಇರಬೇಕೋ ಬೇಡವೋ ಎಂದು ಮಕ್ಕಳ ಸಮಿತಿ ಆಗಾಗ ಕೂತು ತೀರ್ಮಾನ ಮಾಡುತ್ತದೆ.

ನಮಗೆ ಮಕ್ಕಳಿರಲಿಲ್ಲ. ತಿಪಟೂರಿನಿಂದ ಅರಳಗುಪ್ಪೆಯ ಕಡೆ ಹೋಗುವಾಗ, ಬಸ್ಸಿಳಿದು ಕೆರೆ ಏರಿ ದಾಟಿದರೆ ಸಿಗುವ ಊರು ನಮ್ಮದು. ತೆಂಗಿನ ತೋಟ, ಎರಡು ಹಸು, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಅಟ್ಟದ ಕೆಳಗೆ ನಾವಿಬ್ಬರೇ. ಮೂರನೇ ಕ್ಲಾಸಿನ ಆ ಹುಡುಗಿ ಬಂದು ಬಾಗಿಲಲ್ಲಿ ನಿಂತಾಗ, ಸರ್ಕಾರ ಏನಾದರೂ ಹೇಳಿಕೊಳ್ಳಲಿ, ಇವಳನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ನಾನು ಹೆಸರು ಬರೆಯದ ಇವರಿಗಿಂತ ಮುಂಚೆ ಕಚೇರಿಯಿಂದ ನೋಡಿಕೊಂಡು ಹೋಗಲು ಬರುತ್ತಿದ್ದವರು ಬಹಳ ಒಳ್ಳೆಯವರು. ಹಿಂದಿನ ದಿನವೇ ಫೋನ್ ಮಾಡಿ ಜೀಪಿನಲ್ಲಿ ಬರುತ್ತಿದ್ದರು. ನಾನು ಮನೆ ಒರೆಸಿ, ಚಿತ್ರಾಗೆ ಹಬ್ಬದ ಲಂಗ ಹಾಕಿ, ಉಪ್ಪಿಟ್ಟು ಕೇಸರಿಬಾತು ಮಾಡಿಟ್ಟಿರುತ್ತಿದ್ದೆ. ಎಲ್ಲರೂ ಹಜಾರದಲ್ಲಿ ಕೂರುತ್ತಿದ್ದೆವು. ಚೆನ್ನಾಗಿದ್ದೀಯೇನಮ್ಮ ಎಂದು ಅವರು ಕೇಳುವುದು, ಚಿತ್ರಾ ತಲೆಯಾಡಿಸುವುದು, ಒಂದು ಫೋಟೋ, ಆಮೇಲೆ ಎಳನೀರು. ಹೊರಟರೆ ನಾವಿಬ್ಬರೂ ಜೊತೆಗೆ ಅಕ್ಕಪಕ್ಕದವರೂ ಜೀಪಿನ ತನಕ ಹೋಗಿ ಕಳಿಸಿ ಬರುತ್ತಿದ್ದೆವು. ನಮ್ಮ ಕಡೆ ಮನೆಗೆ ಬಂದವರನ್ನು ಒಬ್ಬರನ್ನೇ ಕಳಿಸುವುದುಂಟೆ? ಬಾಗಿಲಲ್ಲೇ ನಿಂತು ಕೈಯಾಡಿಸಿದರೆ ಊರು ಏನಂದೀತು? ಮಗುವಿನ ಹತ್ತಿರ ಒಂಟಿಯಾಗಿ ಒಂದು ಮಾತಾಡಲು ಯಾರಿಗೂ ಸಂದು ಸಿಗದ ಹಾಗೆ ನಾವು ಮರ್ಯಾದೆ ಮಾಡುತ್ತಿದ್ದೆವು. ಅದು ನಮಗೂ ಹೊಳೆದಿರಲಿಲ್ಲ, ಬಂದವರಿಗೂ ಹೊಳೆದಿರಲಿಲ್ಲ.

ಇವರು ಮೊದಲು ಬಂದದ್ದು ಕಾಯಿ ಸುಲಿಸುತ್ತಿದ್ದ ದಿನ. ಅಂಗಳದ ತುಂಬ ಸಿಪ್ಪೆ, ನನ್ನ ತಲೆಯ ತುಂಬ ನಾರು. ಫೋನಿಲ್ಲ, ಜೀಪಿಲ್ಲ. ಎತ್ತರದ ಹೆಂಗಸು, ಕಣಕಾಲಿನ ಮೇಲಕ್ಕೇ ನಿಂತ ಕಾಟನ್ ಸೀರೆ, ಹೆಗಲಿಗೊಂದು ಬಟ್ಟೆಯ ಚೀಲ. ಸೀರೆ ಮಾರುವವರೆಂದುಕೊಂಡು, ನಮಗೇನೂ ಬೇಡ, ಮುಂದಕ್ಕೆ ಹೋಗಮ್ಮ ಎಂದುಬಿಟ್ಟೆ.

"ನಾನೂ ಏನೂ ಕೊಡಾಕೆ ಬಂದಿಲ್ಲ ಕಣಮ್ಮ," ಎಂದರು. "ಮಗೀನ ನೋಡ್ಕಂಡು ಹೋಗಾಕೆ ಬಂದೆ."

ಚಪ್ಪಲಿ ಬಿಟ್ಟರು. ಬಿಟ್ಟ ಚಪ್ಪಲಿಯನ್ನು ಬಗ್ಗಿ ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟರು. ಪ್ರತಿ ಸಲವೂ ಹಾಗೇ ಇಡುತ್ತಿದ್ದರು. ಯಾವ ಮನೆಯಲ್ಲೂ ಬೇರು ಬಿಡುವವಳಲ್ಲ ಎಂದು ಮೊದಲೇ ಹೇಳಿದಂತೆ ನನಗೆ ಕಾಣುತ್ತಿತ್ತು. ಒಳಗೆ ಬಂದವರೇ ತಲೆಯೆತ್ತಿ ಅಟ್ಟ ನೋಡಿದರು, ಜಂತೆ ನೋಡಿದರು, ಚಿತ್ರಾ ಮಲಗುವ ಜಾಗದ ಮೇಲೆ ಎಷ್ಟು ಕಾಯಿ ಪೇರಿಸಿದೆ ಎಂದು ನೋಡಿದರು. ಹಜಾರದ ಕುರ್ಚಿಯಲ್ಲಿ ಕೂರಲಿಲ್ಲ. ನಮ್ಮನ್ನು ಏನೂ ಕೇಳಲೂ ಇಲ್ಲ. ನಿನ್ನ ಬಟ್ಟೆ ಎಲ್ಲಿ ಇಡ್ತೀಯ ತೋರಿಸು, ನಿನ್ನ ತಟ್ಟೆ ಯಾವುದು ತೋರಿಸು ಎಂದು ಮಗುವನ್ನೇ ಮುಂದೆ ಬಿಟ್ಟುಕೊಂಡು ಮನೆಯೆಲ್ಲಾ ಸುತ್ತಿದರು. ಕೊನೆಗೆ, ಅಳು ಬಂದ್ರೆ ಎಲ್ಲಿಗೆ ಹೋಗ್ತೀಯ ಎಂದರು.

ಇದೆಂಥ ಪ್ರಶ್ನೆ ಎಂದು ನನಗೆ ರೇಗಿತು. ನಮ್ಮ ಮನೆಯಲ್ಲಿ ಅಳುವಂಥದ್ದೇನಿದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಚಿತ್ರಾ ಅವರ ಕೈ ಹಿಡಿದುಕೊಂಡು ಹೊರಟೇಬಿಟ್ಟಳು. ಕೊಟ್ಟಿಗೆಯ ಹಿಂದೆ ನಾವು ಒಣಗಿದ ಗರಿ ಒಟ್ಟುತ್ತೇವೆ. ಆ ಒಟ್ಟಿಲಿಗೂ ಗೋಡೆಗೂ ನಡುವೆ ಒಂದು ಮಗು ಕೂರುವಷ್ಟು ಜಾಗವಿತ್ತು, ಕೂತು ಕೂತು ನೆಲ ನುಣುಪಾಗಿತ್ತು. ದಿನವೂ ಸಗಣಿ ಬಾಚುವವಳು ನಾನು. ನನಗೆ ತೋರಿಸದ ಜಾಗವನ್ನು, ಆಗ ತಾನೇ ಬಸ್ಸಿಳಿದು ಬಂದ ಹೆಂಗಸಿಗೆ ತೋರಿಸಿದಳು. ಆ ಹೊತ್ತಿನಿಂದ ಶುರುವಾಯಿತು ನನ್ನ ಹೊಟ್ಟೆಯುರಿ.

ಹೊರಟಾಗ ಪದ್ಧತಿಯಂತೆ ನಾವು ಚಪ್ಪಲಿ ಮೆಟ್ಟಿದೆವು. ಅವರು ಹೊಸ್ತಿಲಲ್ಲೇ ತಡೆದರು. ದೊಡ್ಡವರು ಕಳಿಸಿದ ನೆಂಟ ಹೋಗಿಬಿಡುತ್ತಾನೆ, ಮಗು ಕಳಿಸಿದ ನೆಂಟ ಮತ್ತೆ ಬರುತ್ತಾನೆ, ಆದ್ದರಿಂದ ಚಿತ್ರಾ ಒಬ್ಬಳೇ ಬಸ್ಸಿಗೆ ಬಿಡಲಿ ಎಂದರು. ಅಂಥ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರೇ ಕಟ್ಟಿದ್ದು ಎಂದು ನನಗೆ ಖಾತ್ರಿ. ಆದರೆ ನೆಂಟರನ್ನು ಕಳಿಸುವ ನಮ್ಮದೇ ಪದ್ಧತಿ ಹಿಡಿದುಕೊಂಡು ಮಾತಾಡಿದ್ದರಿಂದ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮೊದಲ ನಾಲ್ಕೈದು ಸಲ ಇಬ್ಬರೂ ಮೂಗರ ಹಾಗೆ ಏರಿಯ ಮೇಲೆ ನಡೆದು ಹೋಗುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಅಷ್ಟಾದರೂ ಸಮಾಧಾನವಿತ್ತು. ಹುಡುಗಿಯನ್ನು ಏನೂ ಕೇಳುವುದಿಲ್ಲವೇ ಎಂದು ನಮ್ಮ ಯಜಮಾನರು ಒಮ್ಮೆ ವಿಚಾರಿಸಿದ್ದಕ್ಕೆ, ನೀರು ಇಂಗದ ಕಾಯಿ ಒಡೆದರೆ ಕೊಬ್ಬರಿ ಸಿಗುತ್ತಾ ಯಜಮಾನ್ರೇ ಎಂದರಂತೆ. ಅಟ್ಟದ ಕಾಯಿ ಅಲ್ಲಾಡಿಸಿ ಕಿವಿಗಿಟ್ಟು ನೀರಿದೆಯೋ ಇಂಗಿತೋ ಎಂದು ನೋಡುವುದೇ ಬದುಕಾದ ಮನುಷ್ಯನಿಗೆ ಇನ್ನೇನು ಬೇಕು? ಅಂದಿನಿಂದ ನಮ್ಮ ಯಜಮಾನರೂ ಅವರ ಕಡೆ.

ಆಮೇಲೆ ಒಂದು ದಿನ ಏರಿಯ ಮೇಲೆ ಚಿತ್ರಾ ನಕ್ಕಳು. ಅಷ್ಟು ದೂರಕ್ಕೂ ಕೇಳಿಸಿತು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ವಾಪಸ್ಸು ಬಂದವಳನ್ನು ಏನು ಮಾತಾಡಿದ್ರಿ ಎಂದು ಕೇಳಿದರೆ, ಏನಿಲ್ಲ ಆಂಟಿ. ಮುಂದಿನ ಸಲ ನಾನು ಕರು ಹುಡುಕುವ ನೆಪದಲ್ಲಿ ಹಗ್ಗ ಹಿಡಿದು ಏರಿಯ ಕೆಳಗೇ ನಡೆದೆ. ಅವರು ನೋಡಿದರು. ನೋಡಿ, ಹೊಂಗೆ ಮರದ ಬುಡದಲ್ಲಿ ಚಿತ್ರಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ತುಟಿ ಬಿಚ್ಚದೆ ಕೂತುಬಿಟ್ಟರು. ಒಂದು ಬಸ್ಸೂ ಹೋಯಿತು, ಅವರು ಏಳಲಿಲ್ಲ. ನಾನೇ ಸೋತು ಹಿಂದಿರುಗಿದೆ. ಮುಂದಿನ ಸಲ ಬಂದಾಗ ಅವರು ಮೊದಲು ಕೇಳಿದ್ದು, ಕರು ಸಿಕ್ತೇನಮ್ಮ ಎಂದು.

ಅವರು ನಮ್ಮ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ತಿಂಡಿ ಇಲ್ಲ, ಮಜ್ಜಿಗೆ ಇಲ್ಲ, ಒಂದು ಕೋಡುಬಳೆಯ ತುಂಡೂ ಇಲ್ಲ. ಉಪ್ಪು ಬಿದ್ದದ್ದು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಒಂದು ಚೂರು ಬೆಲ್ಲ, ಒಂದು ಹೋಳು ಕೊಬ್ಬರಿ, ಒಂದು ಲೋಟ ನೀರು, ಅಷ್ಟೇ. ತೋಟದ ಮನೆಗೆ ಬಂದು ಉಣ್ಣದೆ ಹೋಗುವುದೆಂದರೆ ನಮ್ಮ ಕಡೆ ಕಪಾಳಕ್ಕೆ ಹೊಡೆದ ಲೆಕ್ಕ. ಇವರಿಗೆ ಉಪ್ಪು ತಿನ್ನಿಸಿಯೇ ತೀರುತ್ತೇನೆಂದು ನಾನೂ ಹಟಕ್ಕೆ ಬಿದ್ದೆ. ಯುಗಾದಿಯ ಮರುದಿನ ಬಂದಾಗ ಒಬ್ಬಟ್ಟು ಬಡಿಸಿದೆ. ಸಿಹಿಯಲ್ಲವೇ, ಯಾರು ಬೇಡವೆನ್ನುತ್ತಾರೆ? ಅವರು ತಟ್ಟೆ ನೋಡಿ, ಕಣಕಕ್ಕೆ ಉಪ್ಪು ಹಾಕಿದ್ದೀರಾ ಎಂದರು. ಇಲ್ಲ ಎಂದೆ. ಚಿಟಿಕೆ ಉಪ್ಪು ಹಾಕದೆ ಕಣಕ ಕಲಸುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ಅವರು ನಕ್ಕು, ಒಬ್ಬಟ್ಟನ್ನು ಮಡಿಸಿ ಚಿತ್ರಾಳ ಕೈಗಿಟ್ಟರು. ನನಗೆ ಅಳುವೇ ಬಂತು. ನಮ್ಮ ಮನೆಯ ಅನ್ನದಲ್ಲಿ ಅಂಥ ವಿಷವೇನಿದೆ ಎಂದು ಕೇಳಿಬಿಟ್ಟೆ.

"ವಿಷ ಅಲ್ಲ ಕಣಮ್ಮ," ಎಂದರು. "ಉಂಡ ಮನೆ ಜಂತೆ ಎಣಿಸಬಾರ್ದು ಅಂತಾರಲ್ಲ, ನನ್ನ ಕೆಲ್ಸವೇ ಜಂತೆ ಎಣಿಸೋದು. ನಿಮ್ಮನೆ ಉಪ್ಪು ತಿಂದ್ಮೇಲೆ ನಿಮ್ಮ ಮ್ಯಾಲೆ ಅನುಮಾನ ಪಡಾಕೆ ನಂಗೆ ಬಾಯಿ ಬರಾಕಿಲ್ಲ. ಅನುಮಾನ ಪಡೋರು ಈ ಮಗೀಗೆ ಒಬ್ರಾದ್ರೂ ಬೇಕಲ್ಲ."

ಮುಖದ ಮೇಲೆಯೇ ಹೀಗೆ ಹೇಳಿದವರ ಜೊತೆ ಜಗಳವಾಡುವುದು ಹೇಗೆ? ಅವರು ಹೋದ ಮೇಲೆ ನಮ್ಮ ಯಜಮಾನರು, ಪುಣ್ಯಾತ್ಗಿತ್ತಿ ಕಣೇ ಎಂದರು. ಆ ದಿನ ಯಜಮಾನರಿಗೆ ನಾನು ಎರಡನೇ ಸಲ ಸಾರು ಬಡಿಸಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಚಿತ್ರಾಳನ್ನು ಬಂದಾಗಿನಿಂದ ಒಂದು ದಿನವೂ ಬೈದಿಲ್ಲವೆಂದು ಒಮ್ಮೆ ಅವರ ಮುಂದೆ ಜಂಬ ಕೊಚ್ಚಿಕೊಂಡೆ. ಹೊಗಳುತ್ತಾರೆಂದುಕೊಂಡರೆ ಅವರ ಮುಖ ಸಣ್ಣಗಾಯಿತು. ಅದೇ ಯೋಚನೆ ಆಯ್ತು ನಂಗೆ, ಬೈಯದೆ ಸಾಕೋದು ನೆಂಟರ ಮಕ್ಕಳನ್ನ ಎಂದರು. ಇದು ಒಳ್ಳೆ ಕಥೆಯಾಯಿತಲ್ಲ, ಬೈದರೆ ಒಂದು ತಪ್ಪು, ಬೈಯದಿದ್ದರೆ ಇನ್ನೊಂದು ಎಂದು ಗೊಣಗಿಕೊಂಡೆ. ಆ ವಾರವೇ ಕರು ಹಗ್ಗ ಬಿಚ್ಚಿಕೊಂಡು ಹಾಲೆಲ್ಲಾ ಕುಡಿದುಹಾಕಿತು. ಕಟ್ಟಲು ಹೇಳಿದ್ದು ಚಿತ್ರಾಗೆ. ಅಲ್ಲಿಯವರೆಗೆ ತಡೆದಿಟ್ಟುಕೊಂಡದ್ದೆಲ್ಲಾ ಬಾಯಿಗೆ ಬಂತು. ಕತ್ತೆ, ಸೋಮಾರಿ, ನಿನ್ನ ಗ್ಯಾನ ಎಲ್ಲಿರ್ತದೆ ಎಂದು ಮನಸಾರೆ ಬೈದೆ. ಹುಡುಗಿ ಒಂದು ಗಳಿಗೆ ಕಣ್ಣು ಬಿಟ್ಟುಕೊಂಡು ನಿಂತಳು. ಆಮೇಲೆ, ಗೂಟ ಸಡಿಲ ಇದ್ರೆ ನಾನೇನು ಮಾಡ್ಲಿ, ಗೂಟ ಹೊಡೆದಿದ್ದು ನೀವು ಎಂದು ತಿರುಗಿಬಿದ್ದಳು. ಇಬ್ಬರೂ ಊರಿಗೆಲ್ಲ ಕೇಳುವಂತೆ ಕಿತ್ತಾಡಿದೆವು. ಮರುದಿನ ನನ್ನನ್ನು ಆಂಟಿ ಎನ್ನಲಿಲ್ಲ, ದೊಡ್ಡಮ್ಮ ಎಂದಳು. ಅಮ್ಮ ಎನ್ನಲಿಲ್ಲ. ಇವತ್ತಿನ ತನಕವೂ ಅಂದಿಲ್ಲ. ದೊಡ್ಡಮ್ಮ ಅನ್ನಿಸಿಕೊಂಡ ಸಂತೋಷದಲ್ಲೂ, ಇದರ ಕೀರ್ತಿಯೂ ಅವರಿಗೇ ಹೋಯಿತಲ್ಲ ಎಂಬ ಉರಿ ಇದ್ದೇ ಇತ್ತು.

ಚಿತ್ರಾ ಎಂಟನೇ ಕ್ಲಾಸಿನಲ್ಲಿದ್ದಾಗ ಅವಳ ಸೋದರತ್ತೆ ಪತ್ತೆಯಾದಳು. ಅಂದರೆ ತಂದೆಯ ಅಕ್ಕ. ಅಷ್ಟು ವರ್ಷ ಎಲ್ಲಿದ್ದಳೋ, ಹುಡುಗಿ ಮೈನೆರೆದ ಸುದ್ದಿ ಕಿವಿಗೆ ಬಿದ್ದ ಮೇಲೆ ಕರುಳು ಚುರುಕ್ಕೆಂದಿತು. ಮಗುವನ್ನು ನಮ್ಮ ಮನೆಗೇ ಕಳಿಸಿ, ರಕ್ತಸಂಬಂಧ ಇರುವಾಗ ಕಂಡವರ ಮನೆಯಲ್ಲಿ ಯಾಕೆ ಎಂದು ಸಮಿತಿಗೆ ಅರ್ಜಿ ಕೊಟ್ಟಳು. ಎರಡೂ ಮನೆ ನೋಡಿ ವರದಿ ಬರೆಯಲು ಸಮಿತಿಯವರು ಹೇಳಿದ್ದು ಇವರಿಗೇ. ಒಂದು ಭಾನುವಾರ ಅತ್ತೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅತ್ತೆ ಜೋರಿನ ಹೆಂಗಸು, ಆದರೆ ಕೆಟ್ಟವಳಂತೆ ಕಾಣಲಿಲ್ಲ. ಹಜಾರದ ನಡುವೆ ಕೂತು, ಎಲ್ಲರ ಎದುರಿಗೆ, ಚಿತ್ರಾಳ ಗಲ್ಲ ಹಿಡಿದು ಕೇಳಿದಳು.

"ಬತ್ತೀಯೇನೇ ನಮ್ಮನೆಗೆ?"

"ಬತ್ತೀನಿ," ಎಂದಳು ಚಿತ್ರಾ.

ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಅತ್ತೆಯ ಮುಂದಿಟ್ಟೆ. ನಮ್ಮ ಯಜಮಾನರು ಎದ್ದು ತೋಟದ ಕಡೆ ಹೋದರು. ಅತ್ತೆ ಗೆದ್ದವಳ ಹಾಗೆ ನಮ್ಮ ಕಡೆ ನೋಡಿ, ಕೇಳಿದ್ರಲ್ಲ, ಮಗು ತನ್ನ ಬಾಯಲ್ಲೇ ಹೇಳೈತೆ, ಬರ್ಕಳ್ಳಿ ಮೇಡಂ ಎಂದಳು. ಇವರು ಬರೆದುಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಯ್ತು, ಬಾರವ್ವ ಚಿತ್ರಾ ಎಂದು ಎದ್ದರು. ಅತ್ತೆಯೂ ಏಳಲು ಹೋದಳು. ನೀವು ಇನ್ನೂ ಕಾಫಿ ಕುಡಿದಿಲ್ಲ, ಕೂತ್ಕಳಿ ಎಂದು ಅವಳನ್ನು ನನ್ನ ಎದುರಿಗೆ ಕೂರಿಸಿ ಹೋದರು. ಆ ಸಲ ಅವರು ಏರಿಯ ಮೇಲೆ ಎಷ್ಟೋ ಹೊತ್ತು ನಡೆದರು. ಚಿತ್ರಾ ವಾಪಸ್ಸು ಬಂದಾಗ ಕಣ್ಣು ಕೆಂಪಗಿತ್ತು. ನಾನು ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಉತ್ತರ ಬರುತ್ತಿತ್ತೋ ಎಂಬ ಭಯ.

ಸಮಿತಿ ಕೂತ ದಿನ ನಾವೆಲ್ಲಾ ಜಿಲ್ಲೆಯ ಕಚೇರಿಗೆ ಹೋದೆವು. ಮುಂಚೆಯೆಲ್ಲಾ ಅಲ್ಲಿ ದೊಡ್ಡವರು ಕುರ್ಚಿಯಲ್ಲಿ, ಮಗು ಮೂಲೆಯಲ್ಲಿ, ಮಾತಾಡುವವರು ದೊಡ್ಡವರೇ. ಇವರು ಅದನ್ನು ಜಗಳವಾಡಿ ಬದಲಾಯಿಸಿದ್ದರು ಎಂದು ಅಲ್ಲಿನ ಜವಾನ ಹೇಳಿದ. ಚಿತ್ರಾಗೆ ಎಲ್ಲರಂತೆ ಒಂದು ಕುರ್ಚಿ ಹಾಕಿಸಿ, ನಮ್ಮನ್ನೆಲ್ಲಾ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ಹೊರಗೆ ಇದ್ದದ್ದು ಒಂದೇ ಬೆಂಚು. ಅದರ ಆ ತುದಿಗೆ ಅತ್ತೆ, ಈ ತುದಿಗೆ ನಾನು.

ಅತ್ತೆ ಎಲೆ ಅಡಿಕೆ ಕೊಟ್ಟಳು. ನಾನು ತೆಗೆದುಕೊಳ್ಳಲಿಲ್ಲ. ಅವಳೇ ಹಾಕಿಕೊಂಡು, ಮೇಡಂ ಬೋ ಒಳ್ಳೇರು ಕಣಮ್ಮ, ಮೊನ್ನೆ ನಮ್ಮನೇಲಿ ಮುದ್ದೆ ಉಂಡ್ರು, ಸಾರು ಎರಡು ಸಲ ಹಾಕಿಸ್ಕಂಡ್ರು ಎಂದಳು.

ನಮ್ಮ ಮನೆಯ ಒಬ್ಬಟ್ಟಿನ ಕಣಕದಲ್ಲಿ ಉಪ್ಪು ಹುಡುಕಿದವರು ಅಲ್ಲಿ ಉಪ್ಪುಸಾರು ಉಂಡರೇ? ಅಷ್ಟು ವರ್ಷ ಬೆಲ್ಲ ಕೊಟ್ಟವಳು ನಾನು, ಉಂಡದ್ದು ಇವಳ ಮನೆಯಲ್ಲೇ? ಉಂಡರೆಂದರೆ ಮುಗಿಯಿತು, ಅವರ ಮನಸ್ಸು ಅತ್ತ ಕಡೆ ಆಯಿತು, ಹುಡುಗಿ ಹೋಯಿತು. ಹುಡುಗಿ ಹೋದ ದುಃಖ ಒಂದು ಕಡೆ. ಆದರೆ ಆ ಬೆಂಚಿನ ಮೇಲೆ ನನ್ನನ್ನು ಸುಟ್ಟದ್ದು ಆ ಮುದ್ದೆ. ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ.

ಬಾಗಿಲು ತೆರೆಯಿತು. ತೀರ್ಮಾನ ಓದಿದರು. ಚಿತ್ರಾ ಇರುವಲ್ಲೇ ಇರತಕ್ಕದ್ದು. ಅಜ್ಜಿಯನ್ನು ವರ್ಷಕ್ಕೊಮ್ಮೆಯಾದರೂ ಕಾಣಲು ಏರ್ಪಾಡು ಮಾಡತಕ್ಕದ್ದು. ಅಷ್ಟೇ. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ನೀನು ಬಂದು ನಮ್ಮ ಮನೆಯಲ್ಲಿದ್ದರೆ ಮಾತ್ರ ನೋಡುವೆ ಎಂದು ಅತ್ತೆ ಮೊದಲೇ ಹುಡುಗಿಯ ಕಿವಿಯಲ್ಲಿ ಊದಿದ್ದಳಂತೆ. ಹಜಾರದಲ್ಲಿ ಬತ್ತೀನಿ ಎಂದದ್ದು ಅಜ್ಜಿಯನ್ನು ನೋಡಲು, ಅತ್ತೆಯ ಮನೆಯಲ್ಲಿ ಇರಲು ಅಲ್ಲ. ಅದು ಹೊರಬಿದ್ದದ್ದು ಕೆರೆ ಏರಿಯ ಮೇಲೆ.

ನನಗೆ ಹೇಳತೀರದ ಖುಷಿಯಾಯಿತು. ಆದರೂ ಮೆಟ್ಟಿಲಿಳಿಯುವಾಗ ಅವರನ್ನು ಹಿಡಿದು ನಿಲ್ಲಿಸಿ, ಅಲ್ಲಿ ಯಾಕೆ ಉಂಡ್ರಿ ಎಂದು ಕೇಳಿದೆ. ತೀರ್ಮಾನಕ್ಕೆ ಒಂದು ನಮಸ್ಕಾರವನ್ನೂ ಹೇಳಿರಲಿಲ್ಲ.

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನಿಂತರು. "ಹುಡುಗಿ ಪುಸ್ತಕ ಎಲ್ಲಿಡ್ತೀರಿ ಅಂತ ಅವರ್ನ ಕೇಳ್ದೆ. ಹೊಸ ಸೀರೆ ತಂದು ತೋರಿಸಿದ್ರು. ಅವರು ಕೇಳ್ತಿದ್ದದ್ದು ಮಗಳ್ನಲ್ಲ ಕಣಮ್ಮ, ಸೊಸೇನ. ಕೆಟ್ಟೋರಲ್ಲ, ಅವರಿಗೆ ಅದೇ ಗೊತ್ತಿರೋದು. ಮಗು ಆ ಮನೆಗೆ ಹೋಗಾಕಿಲ್ಲ ಅಂತ ಮನಸಿಗೆ ಖಾತ್ರಿ ಆಯ್ತು, ಇನ್ನು ಅಲ್ಲಿ ಎಣಿಸೋದೇನೈತೆ? ಹಸಿದಿದ್ದೆ, ಉಂಡೆ."

"ನಮ್ಮನೇಲಿ?"

"ನಿಮ್ಮನೇಲಿ ಇನ್ನೂ ಎಣಿಸ್ಬೇಕಲ್ಲ. ಹದಿನೆಂಟು ತುಂಬಲಿ, ಒಂದಿನ ಬಂದು ಹೊಟ್ಟೆ ತುಂಬ ಉಣ್ತೀನಿ."

ಆ ಬೇಸಿಗೆಯಲ್ಲಿ ಅಜ್ಜಿಯ ಮಂದೆಯನ್ನು ರಾತ್ರಿ ತಂಗಲು ನಮ್ಮ ತೋಟದಲ್ಲೇ ತರುಬಿಸಿದೆವು. ತೋಟಕ್ಕೆ ಗೊಬ್ಬರವೂ ಆಯಿತು. ಆ ಏರ್ಪಾಡೂ ಅವರದೇ. ಅಜ್ಜಿ ಹಾಸಿಗೆ ಹಿಡಿದವಳಲ್ಲ, ನನಗಿಂತ ಗಟ್ಟಿಯಾಗಿದ್ದಳು. ಮಂದೆ ಇದ್ದಷ್ಟು ದಿನ ಚಿತ್ರಾ ಕುರಿಗಳ ನಡುವೆ ಅಜ್ಜಿಯ ಕಂಬಳಿಯಲ್ಲೇ ಮಲಗಿ, ಬೆಳಿಗ್ಗೆ ಕುರಿ ವಾಸನೆ ಹೊಡೆಯುತ್ತಾ ನಗುನಗುತ್ತಾ ಒಳಗೆ ಬರುತ್ತಿದ್ದಳು. ಅಜ್ಜಿಯ ಮೇಲೂ ನನಗೆ ಸ್ವಲ್ಪ ಕಿಚ್ಚು ಬಂತು, ಆದರೆ ಅದು ಮಂದೆಯ ಜೊತೆಗೇ ಹೋಯಿತು.

ಹೋದ ವರ್ಷ ಅವರು ಸತ್ತರು. ಇನ್ನೂ ಕೆಲಸದಲ್ಲಿದ್ದರು. ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆಯ ಹತ್ತಿರದ ತಮ್ಮ ಊರಿನಲ್ಲಿ, ಬೆಳಿಗ್ಗೆ ಎದೆನೋವೆಂದು ಕೂತವರು ಏಳಲಿಲ್ಲವಂತೆ. ಚಿತ್ರಾ ಆಗ ಎಸ್ಸೆಸ್ಸೆಲ್ಸಿ ಮುಗಿಸಿ ತಿಪಟೂರಿನಲ್ಲಿ ಕಾಲೇಜಿಗೆ ಸೇರಿದ್ದಳು. ಸುದ್ದಿ ಕೇಳಿ ಗರಿಯ ಒಟ್ಟಿಲ ಹಿಂದೆ ಹೋಗಿ ಕೂತಳು. ಅಷ್ಟು ದೊಡ್ಡ ಹುಡುಗಿಗೆ ಆ ಜಾಗ ಸಾಲುತ್ತಿರಲಿಲ್ಲ, ಕಾಲು ಹೊರಗೆ ಚಾಚಿತ್ತು. ನಾನು ಸತ್ತರೆ ಹೀಗೆ ಅಳುತ್ತಾಳೆಯೇ ಎಂದು ಯೋಚಿಸುತ್ತಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಹತ್ತಿರ ಹೋಗಲಿಲ್ಲ.

ತಿಥಿಗೆ ಚಿತ್ರಾ, ನಾನು ಇಬ್ಬರೂ ಹೋದೆವು. ಸಣ್ಣ ಹೆಂಚಿನ ಮನೆ, ಮುಂದೆ ಶಾಮಿಯಾನ. ಅಲ್ಲಿ ಚಿತ್ರಾಳಂಥವರು ತುಂಬ ಜನ ಬಂದಿದ್ದರು. ಕಂಕುಳಲ್ಲಿ ಕೂಸಿದ್ದವಳು ಒಬ್ಬಳು, ನರ್ಸ್ ಆಗಿದ್ದವಳು ಒಬ್ಬಳು, ಮೀಸೆ ಬಂದ ಹುಡುಗರು. ಅಕ್ಕನ್ನ ಬಸ್ಸಿಗೆ ಬಿಡ್ತಿದ್ದುದು ನಾನೇ ಎಂದು ಒಬ್ಬಳು ಅತ್ತರೆ, ನಾನೂ ಬಿಡ್ತಿದ್ದೆ ಎಂದು ಇನ್ನೊಬ್ಬ. ಚಿತ್ರಾಳ ಮುಖ ನೋಡಿದೆ. ಪೆಚ್ಚಾಗಿತ್ತು. ನೋಡು, ನೀನೊಬ್ಬಳೇ ಅಂದುಕೊಂಡಿದ್ದೆಯಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಯಿತು. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಹುಡುಗಿಯನ್ನು ಬಿಟ್ಟು ಬೇರೆಯವರ ಜೊತೆಯೂ ಹಾಗೇ ನಡೆದರೇ ಎಂದು ಈಗ ಅವಳ ಪರವಾಗಿಯೂ ನನಗೆ ಕಿಚ್ಚು ಹತ್ತಿತು.

ಊಟಕ್ಕೆ ಎಲೆ ಹಾಕಿದರು. ಎಲೆಯ ತುದಿಗೆ ಮೊದಲು ಉಪ್ಪು ಬಂತು. ನೋಡುತ್ತಾ ಕೂತೆ. ನಮ್ಮ ಮನೆಯ ಉಪ್ಪು ತಿನ್ನದೆ ಹೋದವರ ಮನೆಯ ಉಪ್ಪು ನಾನು ಯಾಕೆ ತಿನ್ನಲಿ? ಹದಿನೆಂಟು ತುಂಬಲಿ ಎಂದು ಮಾತು ಕೊಟ್ಟು ಹೋದರಲ್ಲ. ಪಕ್ಕದಲ್ಲಿ ಚಿತ್ರಾ, ಉಣ್ಣಿ ದೊಡ್ಡಮ್ಮ ಎಂದಳು. ಉಂಡೆ. ಉಪ್ಪು ಕಲಸಿಕೊಂಡು, ಎರಡನೇ ಸಲ ಸಾರು ಹಾಕಿಸಿಕೊಂಡು ಉಂಡೆ. ಅವರ ಋಣ ನನ್ನ ಹೊಟ್ಟೆ ಸೇರಿತು.

ಅವರ ಜಾಗಕ್ಕೆ ಹೊಸ ಹುಡುಗಿ ಬಂದಿದ್ದಾಳೆ. ಓದಿದ ಹುಡುಗಿ, ಸ್ಕೂಟರಿನಲ್ಲಿ ಓಡಾಡುತ್ತಾಳೆ. ಹೋದ ತಿಂಗಳು ಹಿಂದಿನ ದಿನವೇ ಫೋನ್ ಮಾಡಿ, ಆಂಟಿ ನಾಳೆ ಬರ್ತೀನಿ ಎಂದಳು. ನನಗೆ ಹಳೆಯ ದಿನಗಳು ಬಂದಷ್ಟು ಸಂತೋಷ. ಮನೆ ಒರೆಸಿದೆ. ಅವರೆಕಾಳು ಹಾಕಿ ಉಪ್ಪಿಟ್ಟು ಮಾಡಿದೆ. ಪಾಪ, ಬಿಸಿಲಲ್ಲಿ ಬೆವರಿ ಬಂದಿತ್ತು ಹುಡುಗಿ. ಹಜಾರದ ಕುರ್ಚಿಯಲ್ಲಿ ಕೂತು, ಒಗ್ಗರಣೆಯ ವಾಸನೆಗೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಆಂಟಿ ಎಂದು ಬಾಯಿಬಿಟ್ಟು ಹೇಳಿತು. ಚಿತ್ರಾಳ ಕಡೆ ತಿರುಗಿ, ಚೆನ್ನಾಗಿದ್ದೀಯಾ ಎಂದಿತು.

ಚೆನ್ನಾಗಿದ್ದೀನಿ ಮೇಡಂ ಎಂದಳು ಚಿತ್ರಾ, ನೆಲ ನೋಡುತ್ತಾ. ಮೇಡಂ ಫೋಟೋ ತೆಗೆಯಲು ಫೋನ್ ಎತ್ತಿದಳು.

ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಚಿತ್ರಾ ಚೆನ್ನಾಗಿಲ್ಲ. ಅದು ನನಗೆ ಗೊತ್ತು. ಒಂದೆರಡು ತಿಂಗಳಿಂದ ಮತ್ತೆ ಕೊಟ್ಟಿಗೆಯ ಹಿಂದೆ ಹೋಗಿ ಕೂರುತ್ತಾಳೆ. ಕೇಳಿದರೆ, ಏನಿಲ್ಲ ದೊಡ್ಡಮ್ಮ. ಕಾಲೇಜಿನ ವಿಷಯವೋ, ಮುಂದೆ ಎಲ್ಲಿಗಾದರೂ ಹೋಗಬೇಕೆಂದಿದ್ದಾಳೋ, ನನ್ನ ಮೇಲೆಯೇ ಏನಾದರೂ ಇದೆಯೋ. ನನ್ನ ಮೇಲೆಯೇ ಇದ್ದರೆ? ಈ ತಟ್ಟೆಯನ್ನು ಆ ಹುಡುಗಿಯ ಕೈಗಿಟ್ಟರೆ ಸಾಕು. ಉಣ್ಣುತ್ತದೆ, ಫೋಟೋ ತೆಗೆಯುತ್ತದೆ, ಸ್ಕೂಟರ್ ಹತ್ತುತ್ತದೆ. ಅಟ್ಟದ ಕಡೆ ತಲೆಯೆತ್ತಿ ನೋಡುವವರು ಇನ್ನು ಯಾರೂ ಇಲ್ಲ. ಎಷ್ಟು ವರ್ಷದಿಂದ ನಾನು ಬೇಡಿಕೊಂಡದ್ದು ಇದನ್ನೇ ಅಲ್ಲವೇ?

ಆದರೆ ಅವರ ಮನೆಯ ಉಪ್ಪು ತಿಂದುಬಿಟ್ಟಿದ್ದೆನಲ್ಲ.

ತಟ್ಟೆಯನ್ನು ಒಳಗೆ ಒಯ್ದು ಮುಚ್ಚಿಟ್ಟೆ. ಬೆಲ್ಲ, ಕೊಬ್ಬರಿ, ಒಂದು ಲೋಟ ನೀರು ತಂದು ಅವಳ ಮುಂದಿಟ್ಟೆ. ಉಪ್ಪಿಟ್ಟು ಇಲ್ವಾ ಆಂಟಿ ಎಂದಿತು ಹುಡುಗಿ, ಮುಖ ಬಾಡಿಸಿಕೊಂಡು. ಉಪ್ಪು ಜಾಸ್ತಿ ಆಗೈತೆ, ಬುಡು ಎಂದೆ. ಬೆಲ್ಲ ತಿಂದು ನೀರು ಕುಡಿದು ಎದ್ದು, ಸ್ಕೂಟರಿನ ಕೀಲಿ ತೆಗೆದಳು.

"ಸ್ಕೂಟ್ರು ಇಲ್ಲೇ ಇರ್ಲಿ ಕಣಮ್ಮ," ಎಂದೆ. "ಕೆರೆ ಏರಿ ಮ್ಯಾಲೆ ಬಸ್ ಸ್ಟಾಪಿನ ತಂಕ ನಡ್ಕಂಡು ಹೋಗಿ ಬಾ. ಚಿತ್ರಾ ಕರ್ಕಂಡು ಹೋಯ್ತಾಳೆ. ನಾನು ಬರಾಕಿಲ್ಲ."

ಆ ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಚಿತ್ರಾಗೆ ಅರ್ಥವಾಯಿತು. ನನ್ನ ಕಡೆ ನೋಡಿದಳು, ನಾನು ಬೇಕೆಂದೇ ಅಂಗಳದ ಹಸುವಿನ ಕಡೆ ಮುಖ ತಿರುಗಿಸಿದೆ. ಇಬ್ಬರೂ ಹೊರಟರು. ಹೊಸ್ತಿಲು ದಾಟದೆ ನಿಂತು ನೋಡಿದೆ. ಏರಿಯ ಅರ್ಧದವರೆಗೂ ಮಾತಿರಲಿಲ್ಲ. ಹೊಂಗೆ ಮರದ ಹತ್ತಿರ ಚಿತ್ರಾ ನಿಂತಳು. ಒಂದು ಸಲ ಮನೆಯ ಕಡೆ ತಿರುಗಿ ನೋಡಿದಳು. ಆಮೇಲೆ ಕೈಯಾಡಿಸುತ್ತಾ ಏನೋ ಹೇಳತೊಡಗಿದಳು. ಹೇಳುತ್ತಲೇ ಇದ್ದಳು.

ನನಗೆ ಹೇಳದ್ದನ್ನು, ನಿನ್ನೆ ಮೊನ್ನೆ ಬಂದ ಆ ಸ್ಕೂಟರಿನ ಹುಡುಗಿಗೆ! ಹೊಟ್ಟೆ ಭಗ್ಗೆಂದು ಉರಿಯಿತು. ಆ ಉರಿಯ ಜೊತೆಗೇ, ಎಷ್ಟೋ ದಿನದ ಮೇಲೆ ಮನೆ ಮತ್ತೆ ಸರಿಯಾಯಿತು ಅನ್ನಿಸಿತು. ಒಳಗೆ ಹೋಗಿ, ಮುಚ್ಚಿಟ್ಟಿದ್ದ ಉಪ್ಪಿಟ್ಟನ್ನು ಒಬ್ಬಳೇ ಕೂತು ತಿಂದೆ.